ಲೆಕ್ಕ ಚುಕ್ತಾ ಆಗದ ಕಥೆ: 23 ವರ್ಷ ತಡವಾಗಿ ಬಂದ ಎರಡನೇ 'ವಾಲ್ ಸ್ಟ್ರೀಟ್' ಮೇಲೆ ನೋಡುಗರಿಗೆ ಯಾಕಿಷ್ಟು ಮುನಿಸು?

ಜೈಲಿನ ಕೌಂಟರ್‌ನಲ್ಲಿ ಸಿಬ್ಬಂದಿಯೊಬ್ಬ ಸಾಮಾನುಗಳನ್ನು ಒಂದೊಂದಾಗಿ ಹೊರಗಿಡುತ್ತಾನೆ. ಒಂದು ರೇಷ್ಮೆ ಕರವಸ್ತ್ರ. ಒಂದು ಗಡಿಯಾರ. ಒಂದು ಉಂಗುರ. ನೋಟು ಸಿಕ್ಕಿಸುವ ಚಿನ್ನದ ಕ್ಲಿಪ್, ಆದರೆ ಅದರಲ್ಲಿ ನೋಟಿಲ್ಲ. ಆಮೇಲೆ ಇಟ್ಟಿಗೆ ಗಾತ್ರದ ಒಂದು ಮೊಬೈಲ್ ಫೋನ್. ಇಸವಿ 2001. ಅವನ್ನೆಲ್ಲ ಎತ್ತಿಕೊಂಡು, ಒಂದು ಕಾಲದ ದೊಡ್ಡ ಷೇರು ವ್ಯಾಪಾರಿ ಗಾರ್ಡನ್ ಗೆಕ್ಕೊ ಹೊರಗೆ ಬರುತ್ತಾನೆ. ಉದ್ದನೆಯ ಕಾರೊಂದು ಬರುತ್ತದೆ. ಆದರೆ ಅದು ಬಂದಿರುವುದು ಅವನಿಗಲ್ಲ, ಜೊತೆಗೇ ಬಿಡುಗಡೆಯಾದ ಇನ್ನೊಬ್ಬನಿಗೆ. ಗೆಕ್ಕೊನನ್ನು ಕರೆದುಕೊಂಡು ಹೋಗಲು ಯಾರೂ ಬಂದಿಲ್ಲ.

2010ರಲ್ಲಿ ಬಂದ 'ವಾಲ್ ಸ್ಟ್ರೀಟ್: ಮನಿ ನೆವರ್ ಸ್ಲೀಪ್ಸ್' ಶುರುವಾಗುವುದು ಹೀಗೆ. ಈ ಸಿನಿಮಾ ನೋಡಿದವರನ್ನು ಮಾತಿಗೆಳೆದರೆ, ಈ ದೃಶ್ಯ ಚೆನ್ನಾಗಿಲ್ಲ ಅನ್ನುವವರು ಸಿಗುವುದು ಕಷ್ಟ. ಮಾತು ಒಡೆಯುವುದು ಆಮೇಲೆ. "ಎಂಥಾ ಶುರು, ಕೊನೆಗೆ ಏನು ಮಾಡಿಬಿಟ್ಟರು ನೋಡಿ" ಅನ್ನುವವರೇ ಜಾಸ್ತಿ. ಸಿನಿಮಾ ಬಂದು ಹದಿನೈದು ವರ್ಷ ಕಳೆದಿದೆ, ಆ ಬೇಸರ ಇನ್ನೂ ಆರಿಲ್ಲ. ಇಷ್ಟವಾಗದ ಸಿನಿಮಾವನ್ನು ಜನ ಮರೆತು ಸುಮ್ಮನಾಗುತ್ತಾರೆ. ಇದನ್ನು ಮರೆತಿಲ್ಲ ಅಂದರೆ ಅದಕ್ಕೆ ಬೇರೆ ಕಾರಣ ಇರಬೇಕು.

ಈಗ ಹಳೆಯ ಹಿಟ್‌ಗಳ ಎರಡನೇ ಭಾಗ ಹತ್ತಿಪ್ಪತ್ತು ವರ್ಷ ಬಿಟ್ಟು ಬರುವುದು ಮಾಮೂಲಾಗಿದೆ. 'ಟಾಪ್ ಗನ್' ಬಂದು 36 ವರ್ಷವಾದ ಮೇಲೆ, 2022ರಲ್ಲಿ ಅದರ ಮುಂದಿನ ಭಾಗ ಬಂತು. ಜನ ಮುಗಿಬಿದ್ದು ನೋಡಿದರು. 'ಗ್ಲಾಡಿಯೇಟರ್' ಎರಡನೇ ಭಾಗಕ್ಕೆ 24 ವರ್ಷ ಹಿಡಿಯಿತು. ಇಂಥ ಸಿನಿಮಾ ಬಂದಾಗಲೆಲ್ಲ ನೋಡುಗರಿಗೆ ಎರಡು ಆಸೆ ಇರುತ್ತವೆ. ಹಳೆಯದು ಹಾಗೇ ಸಿಗಬೇಕು, ಹೊಸದೇನೋ ಹೇಳಲೂ ಬೇಕು. ವಿಮಾನದ ಸಾಹಸದ ಸಿನಿಮಾದಲ್ಲಿ ಇವೆರಡನ್ನೂ ಹೇಗೋ ಹೊಂದಿಸಬಹುದು. ಹಣದ ಬಗೆಗಿನ ಸಿನಿಮಾದಲ್ಲಿ ಅದು ಅಷ್ಟು ಸುಲಭವಲ್ಲ. ಯಾಕೆಂದರೆ ನಡುವಿನ ವರ್ಷಗಳಲ್ಲಿ ಹಣವೇ ಬದಲಾಗಿಬಿಟ್ಟಿರುತ್ತದೆ.

ಮೊದಲ 'ವಾಲ್ ಸ್ಟ್ರೀಟ್' ಬಂದದ್ದು 1987ರ ಡಿಸೆಂಬರ್‌ನಲ್ಲಿ. ಅದಕ್ಕೆ ಎರಡು ತಿಂಗಳೂ ತುಂಬದ ಹಿಂದೆ, ಅಕ್ಟೋಬರ್ 19ರ ಸೋಮವಾರ, ಅಮೆರಿಕದ ಡೌ ಜೋನ್ಸ್ ಸೂಚ್ಯಂಕ ಒಂದೇ ದಿನ ಶೇ. 22.6ರಷ್ಟು ಕುಸಿದಿತ್ತು. ಸಿನಿಮಾದ ಕೆಲಸ ಅದಕ್ಕೂ ಮೊದಲೇ ಶುರುವಾಗಿತ್ತು. ಆದರೂ ಆ ಕುಸಿತವನ್ನು ನೋಡಿಯೇ ಮಾಡಿದ್ದಾರೇನೋ ಅನ್ನುವಷ್ಟು ಸರಿಯಾದ ಹೊತ್ತಿಗೆ ಬಂತು. ನಿರ್ದೇಶಕ ಆಲಿವರ್ ಸ್ಟೋನ್ ಅವರ ತಂದೆ ಲೂಯಿಸ್ ಸ್ಟೋನ್ ಷೇರು ಬ್ರೋಕರ್ ಆಗಿದ್ದವರು. ಸಿನಿಮಾವನ್ನು ಮಗ ಅವರಿಗೇ ಅರ್ಪಿಸಿದ್ದಾರೆ. ಆ ಸಿನಿಮಾದಲ್ಲಿ ಲೂ ಮ್ಯಾನ್‌ಹೈಮ್ ಅನ್ನುವ ಒಬ್ಬ ಹಿರಿಯ ಬ್ರೋಕರ್ ಇದ್ದಾರೆ. ಅಡ್ಡದಾರಿ ಬೇಡ ಅಂತ ಹುಡುಗರಿಗೆ ಬುದ್ಧಿ ಹೇಳುವ ಮನುಷ್ಯ. ಎರಡನೇ ಸಿನಿಮಾದಲ್ಲೂ ಒಬ್ಬ ಲೂ ಇದ್ದಾರೆ, ಲೂಯಿಸ್ ಜ಼ೇಬಲ್. ಎರಡೂ ಕಡೆ ಅಪ್ಪನ ಹೆಸರು. ಎರಡೂ ಕಡೆ ಹಳೆಯ ಕಾಲದ ಪ್ರಾಮಾಣಿಕ. ಮೊದಲನೆಯದರಲ್ಲಿ ಆತ ಎಚ್ಚರಿಕೆ ಕೊಡುತ್ತಾರೆ. ಎರಡನೆಯದರಲ್ಲಿ ಮೆಟ್ರೋ ರೈಲಿನ ಹಳಿಗೆ ಬಿದ್ದು ಸಾಯುತ್ತಾರೆ. 23 ವರ್ಷದಲ್ಲಿ ಆಗಿದ್ದೇನು ಅನ್ನುವುದಕ್ಕೆ ಇದೊಂದೇ ಸಾಕು ಅಂತ ನನಗೆ ಅನ್ನಿಸುತ್ತದೆ.

ಮೊದಲ ಸಿನಿಮಾದ ಕಥೆ ಸರಳ. ಬಡ್ ಫಾಕ್ಸ್ ಒಬ್ಬ ಚಿಕ್ಕ ಬ್ರೋಕರ್. ಅವನಪ್ಪ ಕಾರ್ಲ್ ಒಂದು ಸಣ್ಣ ವಿಮಾನ ಕಂಪನಿಯ ಕಾರ್ಮಿಕರ ನಾಯಕ. ಅಪ್ಪ ಮಾತಿನ ನಡುವೆ, ಕಂಪನಿಯ ಮೇಲಿದ್ದ ಒಂದು ಅಪಘಾತದ ಪ್ರಕರಣ ತಮ್ಮ ಪರವಾಗಿ ತೀರ್ಮಾನವಾಗಲಿದೆ ಅಂತ ಹೇಳಿರುತ್ತಾನೆ. ಹೊರಗೆ ಇನ್ನೂ ಯಾರಿಗೂ ಗೊತ್ತಿಲ್ಲ. ಮಗ ಆ ಮಾತನ್ನು ತೆಗೆದುಕೊಂಡು ಹೋಗಿ ಗೆಕ್ಕೊನ ಮುಂದೆ ಇಡುತ್ತಾನೆ. ಗೆಕ್ಕೊ ಷೇರು ಕೊಳ್ಳುತ್ತಾನೆ, ಲಾಭ ಬರುತ್ತದೆ. ಇನ್‌ಸೈಡರ್ ಟ್ರೇಡಿಂಗ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಈಗಲೂ ಹೇಳುವುದು ಇದನ್ನೇ. ಅಪ್ಪ ಮಗನನ್ನು ನಂಬಿ ಆಡಿದ ಮಾತು ಪೇಟೆಯ ಸರಕಾಯಿತು.

ಕೊನೆಗೆ ಬಡ್ ಸಿಕ್ಕಿಬೀಳುತ್ತಾನೆ. ಗೆಕ್ಕೊ ವಿರುದ್ಧ ಸಾಕ್ಷ್ಯ ಕೊಡಲು ಒಪ್ಪುತ್ತಾನೆ. ಅಪ್ಪ ಅಮ್ಮ ಅವನನ್ನು ಕಾರಿನಲ್ಲಿ ಕರೆತಂದು ನ್ಯೂಯಾರ್ಕ್‌ನ ಕೋರ್ಟಿನ ಮುಂದೆ ಇಳಿಸುತ್ತಾರೆ. ಅವನೊಬ್ಬನೇ ಮೆಟ್ಟಿಲು ಹತ್ತುತ್ತಾನೆ. ಅಲ್ಲಿಗೆ ಸಿನಿಮಾ ಮುಗಿಯಿತು. ತಪ್ಪು ಮಾಡಿದ್ದಾನೆ, ಬೆಲೆ ಕೊಡುತ್ತಾನೆ. ಲೆಕ್ಕ ಚುಕ್ತಾ.

ಇಷ್ಟು ನೇರವಾಗಿ ಹೇಳಿದ್ದರೂ ಜನ ಮನೆಗೆ ಒಯ್ದದ್ದು ಬೇರೆಯೇ. ಮನಸ್ಸಿನಲ್ಲಿ ಉಳಿದವನು ಗೆಕ್ಕೊ. ಅವನ ಸಸ್ಪೆಂಡರ್ಸ್, ಹಿಂದಕ್ಕೆ ಬಾಚಿದ ಕೂದಲು, ಬೆಳಗಿನ ಜಾವ ಸಮುದ್ರದ ದಡದಲ್ಲಿ ನಿಂತು ಆ ಇಟ್ಟಿಗೆ ಫೋನಿನಲ್ಲಿ ಆಡುವ ಮಾತು. ಮೈಕೆಲ್ ಡಗ್ಲಸ್ ಅವರಿಗೆ ಈ ಪಾತ್ರಕ್ಕೆ ಅತ್ಯುತ್ತಮ ನಟ ಆಸ್ಕರ್ ಬಂತು. ಆಮೇಲೆ ವರ್ಷಗಟ್ಟಲೆ, ಆ ಸಿನಿಮಾ ನೋಡಿಯೇ ನಾನು ಈ ಕೆಲಸಕ್ಕೆ ಸೇರಿದೆ ಅಂತ ಹೇಳಿಕೊಂಡು ವಾಲ್ ಸ್ಟ್ರೀಟಿನ ಹುಡುಗರು ತಮ್ಮ ಹತ್ತಿರ ಬರುತ್ತಿದ್ದರು ಅಂತ ಡಗ್ಲಸ್ ಅನೇಕ ಸಲ ಹೇಳಿದ್ದಾರೆ. ಅದರಿಂದ ಅವರಿಗೆ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾಗಿತ್ತು. 2012ರಲ್ಲಿ ಎಫ್‌ಬಿಐ ಇನ್‌ಸೈಡರ್ ಟ್ರೇಡಿಂಗ್ ವಿರುದ್ಧ ಒಂದು ಜಾಗೃತಿ ವಿಡಿಯೋ ಮಾಡಿದಾಗ ಅದರಲ್ಲಿ ಮಾತಾಡಿದವರೂ ಇದೇ ಡಗ್ಲಸ್. ಸಿನಿಮಾ ಬಂದು 25 ವರ್ಷವಾದ ಮೇಲೂ ಅದೊಂದು ಕಥೆ ಮಾತ್ರ, ಆ ಅಪರಾಧ ನಿಜ ಅಂತ ತಿಳಿಹೇಳಬೇಕಾಗಿ ಬಂತು.

ಹೀಗೇಕಾಯಿತು? ನೋಡುಗರು ದಡ್ಡರಾಗಿದ್ದರು ಅಂತ ನಾನು ಹೇಳುವುದಿಲ್ಲ. ಟೆಲ್ಡಾರ್ ಪೇಪರ್ ಕಂಪನಿಯ ಷೇರುದಾರರ ಸಭೆಯ ದೃಶ್ಯವನ್ನು ಇನ್ನೊಮ್ಮೆ ನೋಡಿ. ದುರಾಸೆ ಒಳ್ಳೆಯದು ಅನ್ನುವ ಒಂದು ಸಾಲು ಎಲ್ಲರಿಗೂ ಗೊತ್ತು. ಅದರ ಹಿಂದಿನ ಮಾತು ಬಹಳ ಜನಕ್ಕೆ ನೆನಪಿಲ್ಲ. ಗೆಕ್ಕೊ ವೇದಿಕೆಯ ಮೇಲೆ ಸಾಲಾಗಿ ಕೂತ ಅಧಿಕಾರಿಗಳತ್ತ ಕೈ ತೋರಿಸುತ್ತಾನೆ. ಈ ಕಂಪನಿಗೆ 33 ಉಪಾಧ್ಯಕ್ಷರು, ಒಬ್ಬೊಬ್ಬರಿಗೂ ವರ್ಷಕ್ಕೆ 2 ಲಕ್ಷ ಡಾಲರ್‌ಗೂ ಮೇಲೆ ಸಂಬಳ. ಇವರೆಲ್ಲ ಮಾಡುವುದೇನು ಅಂತ ಎರಡು ತಿಂಗಳು ಕೂತು ನೋಡಿದರೂ ತನಗೆ ಗೊತ್ತಾಗಲಿಲ್ಲ ಅನ್ನುತ್ತಾನೆ. ಹೋದ ವರ್ಷ ಕಂಪನಿಗೆ 11 ಕೋಟಿ ಡಾಲರ್ ನಷ್ಟವಾಗಿದೆ ಅನ್ನುತ್ತಾನೆ. ಕೆಳಗೆ ಕೂತವರು ಸಣ್ಣ ಷೇರುದಾರರು. ಅವರ ದುಡ್ಡಿನಲ್ಲಿ ಮೇಲೆ ಕೂತವರು ಆರಾಮಾಗಿದ್ದಾರೆ. ಇಲ್ಲಿ ಗೆಕ್ಕೊ ಹೇಳುವುದರಲ್ಲಿ ಸುಳ್ಳೇನಿದೆ? ಸಭೆಯ ಚಪ್ಪಾಳೆ ಬೀಳುವುದು ದುರಾಸೆಗಲ್ಲ, ಆ ನಿಜಕ್ಕೆ. ನಿಜದ ಹಿಂದೆಯೇ ವಿಷವನ್ನೂ ನುಂಗಿಸಿಬಿಡುತ್ತಾನೆ. ಚೆನ್ನಾಗಿ ಬರೆದ ಖಳ ಅಂದರೆ ಇದು.

ಈ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. 1986ರ ಮೇ ತಿಂಗಳಲ್ಲಿ ಇವಾನ್ ಬೋಸ್ಕಿ ಅನ್ನುವ ದೊಡ್ಡ ವ್ಯಾಪಾರಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬಿಸಿನೆಸ್ ಪದವೀಧರರ ಮುಂದೆ, ದುರಾಸೆ ಆರೋಗ್ಯಕರ ಅನ್ನುವ ಅರ್ಥದ ಮಾತಾಡಿದ್ದರು. ಅದೇ ವರ್ಷದ ನವೆಂಬರ್‌ನಲ್ಲಿ ಇನ್‌ಸೈಡರ್ ಟ್ರೇಡಿಂಗ್‌ಗೆ 10 ಕೋಟಿ ಡಾಲರ್ ಕಟ್ಟಲು ಒಪ್ಪಿದರು. ಆಮೇಲೆ ಜೈಲಿಗೂ ಹೋದರು. ಅಂದರೆ ಆ ಕಾಲದಲ್ಲಿ ಹೊರಗಿನ ಲೋಕದಲ್ಲೂ ಸಿನಿಮಾದಲ್ಲೂ ಒಂದೇ ನಿಯಮವಿತ್ತು. ಕದ್ದವನಿಗೆ ಒಂದು ಹೆಸರಿತ್ತು, ಹಿಡಿಯಬಹುದಿತ್ತು, ಕೋರ್ಟಿಗೆ ಎಳೆಯಬಹುದಿತ್ತು.

2008ಕ್ಕೆ ಬನ್ನಿ. ಎರಡನೇ ಸಿನಿಮಾದ ಕಥೆ ನಡೆಯುವುದು ಆ ವರ್ಷದಲ್ಲಿ. ಇಲ್ಲಿ ಕದ್ದವರು ಯಾರು ಅಂತ ಕೇಳಿದರೆ ಉತ್ತರ ಗೋಜಲಾಗುತ್ತದೆ.

ಆಗಿದ್ದನ್ನು ಸರಳವಾಗಿ ಹೇಳುತ್ತೇನೆ. ನಿಮ್ಮ ಹತ್ತಿರ 1 ಲಕ್ಷ ರೂಪಾಯಿ ಇದೆ ಅಂದುಕೊಳ್ಳಿ. ಇನ್ನೂ 30 ಲಕ್ಷ ಸಾಲ ತಂದು 31 ಲಕ್ಷದ ಸೈಟು ಕೊಳ್ಳುತ್ತೀರಿ. ಸೈಟಿನ ಬೆಲೆ 32 ಲಕ್ಷ ಆದರೆ ನಿಮ್ಮ ದುಡ್ಡು ದುಪ್ಪಟ್ಟು. ಆದರೆ 30 ಲಕ್ಷಕ್ಕೆ ಇಳಿದರೆ ನಿಮ್ಮದು ಅನ್ನುವುದು ಪೂರ್ತಿ ಹೋಯಿತು. ಬೆಲೆ ಬಿದ್ದದ್ದು ನೂರಕ್ಕೆ ಮೂರು ರೂಪಾಯಿ ಚಿಲ್ಲರೆ ಮಾತ್ರ. ಬೇರ್ ಸ್ಟರ್ನ್ಸ್, ಲೀಮನ್ ಬ್ರದರ್ಸ್‌ನಂಥ ನ್ಯೂಯಾರ್ಕ್‌ನ ದೊಡ್ಡ ಹೂಡಿಕೆ ಬ್ಯಾಂಕುಗಳು ಹೆಚ್ಚುಕಮ್ಮಿ ಇದೇ ಅಳತೆಯಲ್ಲಿ ಸಾಲ ಮಾಡಿದ್ದವು. ಸಾಲದ ದೊಡ್ಡ ಪಾಲು ಒಂದು ರಾತ್ರಿಯ ಸಾಲ. ಪ್ರತಿ ದಿನ ಕೊಟ್ಟವನು "ಸರಿ, ಇನ್ನೊಂದು ದಿನ ಇಟ್ಕೊಳ್ಳಿ" ಅನ್ನಬೇಕು. ಒಂದು ದಿನ ಅವನು "ಬೇಡ, ವಾಪಸ್ ಕೊಡಿ" ಅಂದರೆ ಮುಗಿಯಿತು. ಈ ಸಾಲದಲ್ಲಿ ಅವರು ಮನೆ ಸಾಲಗಳನ್ನು ಕಂತೆ ಕಟ್ಟಿ ಮಾಡಿದ ಸಾಲಪತ್ರಗಳನ್ನೂ ರಾಶಿ ರಾಶಿ ಕೊಂಡಿದ್ದರು. ತೀರಿಸಲಾಗದವರಿಗೂ ಕೊಟ್ಟ ಸಾಲ ಅವು. ಮನೆಗಳ ಬೆಲೆ ಇಳಿಯಿತು. ನಂಬಿಕೆ ಹೋಯಿತು. ನಂಬಿಕೆ ಹೋದ ದಿನವೇ ಬ್ಯಾಂಕೂ ಹೋಯಿತು.

ಬೇರ್ ಸ್ಟರ್ನ್ಸ್ ಷೇರು 2007ರ ಜನವರಿಯಲ್ಲಿ 170 ಡಾಲರ್ ಆಸುಪಾಸಿನಲ್ಲಿತ್ತು. 2008ರ ಮಾರ್ಚ್‌ನಲ್ಲಿ ಅದನ್ನು ಜೆಪಿ ಮಾರ್ಗನ್ ಷೇರಿಗೆ 2 ಡಾಲರ್‌ನಂತೆ ಕೊಳ್ಳುತ್ತೇನೆ ಅಂದಿತು. ಗಲಾಟೆಯಾದ ಮೇಲೆ 10 ಡಾಲರ್‌ಗೆ ಏರಿಸಿತು. ಆ ಬ್ಯಾಂಕಿನ ಷೇರುಗಳಲ್ಲಿ ಸುಮಾರು ಮೂರನೇ ಒಂದು ಪಾಲು ಅಲ್ಲಿನ ನೌಕರರ ಕೈಯಲ್ಲೇ ಇತ್ತು. ಸೆಪ್ಟೆಂಬರ್ 15ರಂದು 158 ವರ್ಷ ಹಳೆಯ ಲೀಮನ್ ದಿವಾಳಿ ಎದ್ದಿತು. ಮರುದಿನವೇ ಎಐಜಿ ಅನ್ನುವ ವಿಮಾ ಕಂಪನಿಯನ್ನು ಉಳಿಸಲು ಅಮೆರಿಕದ ಕೇಂದ್ರ ಬ್ಯಾಂಕು 8,500 ಕೋಟಿ ಡಾಲರ್ ಸಾಲಕ್ಕೆ ಮುಂದಾಯಿತು. ಅಕ್ಟೋಬರ್ 3ರಂದು 70,000 ಕೋಟಿ ಡಾಲರ್‌ಗಳ ಪಾರುಗಾಣಿಕೆ ಕಾಯ್ದೆಗೆ ಸಹಿ ಬಿತ್ತು. ದುಡ್ಡು ತೆರಿಗೆ ಕಟ್ಟುವವರದು.

ಈ ಬಿಸಿ ಬೆಂಗಳೂರಿಗೂ ತಟ್ಟಿತ್ತು. ನಮ್ಮ ಐಟಿ ಕಂಪನಿಗಳಿಗೆ ಅಮೆರಿಕದ ಬ್ಯಾಂಕುಗಳೇ ದೊಡ್ಡ ಗಿರಾಕಿಗಳು. ನನ್ನ ಗೆಳೆಯನೊಬ್ಬನಿಗೆ ಕಾಲೇಜಿನಲ್ಲೇ ಕೆಲಸ ಸಿಕ್ಕಿತ್ತು. ಮನೆಯಲ್ಲಿ ಊರಿಗೆಲ್ಲ ಸಿಹಿ ಹಂಚಿದ್ದರು. ಸೇರುವ ದಿನಾಂಕ ಒಂದು ಸಲ ಮುಂದಕ್ಕೆ ಹೋಯಿತು, ಮತ್ತೆ ಹೋಯಿತು. ಅವನು ಹತ್ತು ತಿಂಗಳು ಮನೆಯಲ್ಲೇ ಕೂತ. ಬೆಳಗ್ಗೆ ಎದ್ದು ಇಮೇಲ್ ನೋಡುವುದು, ಅಪ್ಪನ ಕಣ್ಣಿಗೆ ಬೀಳದ ಹಾಗೆ ಹೊರಗೆ ಹೋಗಿಬಿಡುವುದು. ಲೀಮನ್ ಅನ್ನುವ ಹೆಸರನ್ನು ಅವನಪ್ಪ ಮೊದಲು ಕೇಳಿದ್ದೇ ಆಗ. ಎರಡನೇ 'ವಾಲ್ ಸ್ಟ್ರೀಟ್' ಅನ್ನು ನಾವಿಬ್ಬರೂ ಜೊತೆಗೇ ನೋಡಿದೆವು. ಸಿನಿಮಾ ಮುಗಿದ ಮೇಲೆ ಅವನು ಕೇಳಿದ್ದು ಒಂದೇ ಮಾತು: "ಅಷ್ಟೇನಾ? ಯಾರಿಗೂ ಏನೂ ಆಗಲ್ವಾ?"

ಆ ಪ್ರಶ್ನೆ ಅವನೊಬ್ಬನದಲ್ಲ ಅಂತ ನನಗೆ ಗೊತ್ತಾಗಲು ಕೆಲವು ವರ್ಷ ಬೇಕಾಯಿತು.

ಎರಡನೇ ಸಿನಿಮಾದ ಕಥೆ ಹೀಗೆ. ಜೇಕ್ ಮೂರ್ ಅನ್ನುವ ಯುವಕ ಕೆಲ್ಲರ್ ಜ಼ೇಬಲ್ ಅನ್ನುವ ಬ್ಯಾಂಕಿನಲ್ಲಿದ್ದಾನೆ. ಪಾತ್ರ ಮಾಡಿದವರು ಶಯಾ ಲಬಫ್. ಅವನು ಪ್ರೀತಿಸುವ ಹುಡುಗಿ ವಿನ್ನಿ, ಗೆಕ್ಕೊನ ಮಗಳು. ಆ ಪಾತ್ರ ಕ್ಯಾರಿ ಮಲಿಗನ್ ಅವರದು. ಅಪ್ಪನ ಮುಖ ನೋಡುವುದೂ ಅವಳಿಗೆ ಬೇಡ. ಅಪ್ಪ ಜೈಲಿನಲ್ಲಿದ್ದಾಗ ಅವಳ ಅಣ್ಣ ಮಾದಕ ದ್ರವ್ಯಕ್ಕೆ ಬಲಿಯಾಗಿದ್ದಾನೆ. ವದಂತಿಗಳ ಹೊಡೆತಕ್ಕೆ ಕೆಲ್ಲರ್ ಜ಼ೇಬಲ್ ಕುಸಿಯುತ್ತದೆ. ಜೇಕ್ ಗುರುವಿನಂತೆ ಕಂಡಿದ್ದ ಲೂಯಿಸ್ ಜ಼ೇಬಲ್ ಪ್ರಾಣ ಕಳೆದುಕೊಳ್ಳುತ್ತಾರೆ. ಇದರ ಹಿಂದೆ ಇರುವವನು ಬ್ರೆಟನ್ ಜೇಮ್ಸ್ ಅನ್ನುವ ಇನ್ನೊಬ್ಬ ಬ್ಯಾಂಕರ್. ಸೇಡಿಗಾಗಿ ಜೇಕ್ ಗೆಕ್ಕೊನ ಬಳಿ ಹೋಗುತ್ತಾನೆ. ಗೆಕ್ಕೊ ಅವನ ಮೂಲಕ ಮಗಳನ್ನು ತಲುಪುತ್ತಾನೆ, ಸ್ವಿಟ್ಜರ್ಲೆಂಡಿನಲ್ಲಿ ಅವಳ ಹೆಸರಿನಲ್ಲಿದ್ದ 10 ಕೋಟಿ ಡಾಲರ್ ತೆಗೆದುಕೊಂಡು ಲಂಡನ್ನಿಗೆ ಹೋಗಿಬಿಡುತ್ತಾನೆ. ಅಲ್ಲಿ ಅದನ್ನು 100 ಕೋಟಿಗೂ ಹೆಚ್ಚು ಮಾಡುತ್ತಾನೆ. ಕೊನೆಗೆ ಮನಸ್ಸು ಕರಗಿ 10 ಕೋಟಿ ವಾಪಸ್ ಕೊಡುತ್ತಾನೆ. ಮೊಮ್ಮಗನ ಮೊದಲ ಹುಟ್ಟುಹಬ್ಬದಲ್ಲಿ ಎಲ್ಲರೂ ಒಂದಾಗುತ್ತಾರೆ.

ನೋಡುಗರ ದೂರುಗಳನ್ನು ಕೇಳಿದ್ದೇನೆ. ಪ್ರೇಮಕಥೆ ಜಾಸ್ತಿಯಾಯಿತು ಅನ್ನುತ್ತಾರೆ. ಡಗ್ಲಸ್ ಇದ್ದದ್ದು ಕಡಿಮೆಯಾಯಿತು ಅನ್ನುತ್ತಾರೆ. ಜೇಕ್‌ಗೆ ಬಡ್ ಫಾಕ್ಸ್‌ನ ಹಸಿವಿಲ್ಲ ಅನ್ನುತ್ತಾರೆ. ಬಲೂನು, ಸೋಪಿನ ಗುಳ್ಳೆ ತೋರಿಸಿ ಆರ್ಥಿಕ ಗುಳ್ಳೆಯನ್ನು ವಿವರಿಸಬೇಕಾಗಿರಲಿಲ್ಲ ಅನ್ನುವವರೂ ಇದ್ದಾರೆ. ಇವುಗಳಲ್ಲಿ ತಪ್ಪಿಲ್ಲ, ಆದರೆ ಇವು ಯಾವ ಸಿನಿಮಾಕ್ಕೂ ಬರಬಹುದಾದ ದೂರುಗಳು. ಇವಕ್ಕೆಲ್ಲ ಹದಿನೈದು ವರ್ಷ ಮುನಿಸಿಕೊಂಡು ಕೂರುವವರಿಲ್ಲ.

ಮೆಚ್ಚುವವರ ಮಾತನ್ನೂ ಕೇಳಬೇಕು. ಅದರಲ್ಲಿ ಹುರುಳಿದೆ. ಸಿನಿಮಾದ ಮೊದಲರ್ಧ ನಿಜಕ್ಕೂ ಗಟ್ಟಿ. ಗೆಕ್ಕೊ ತನ್ನ ಹೊಸ ಪುಸ್ತಕದ ಪ್ರಚಾರಕ್ಕಾಗಿ ಕಾಲೇಜು ಹುಡುಗರ ಮುಂದೆ ಭಾಷಣ ಮಾಡುತ್ತಾನೆ. ನಿಮಗೆ ಸಂಬಳವಿಲ್ಲ, ಕೆಲಸವಿಲ್ಲ, ಆಸ್ತಿಯಿಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾನೆ. ದೇಶದ ಕಂಪನಿಗಳ ಲಾಭದಲ್ಲಿ ನೂರಕ್ಕೆ ನಲವತ್ತು ಹಣಕಾಸಿನ ವ್ಯವಹಾರದಿಂದಲೇ ಬಂದದ್ದು, ಏನನ್ನೋ ತಯಾರಿಸಿ ಬಂದದ್ದಲ್ಲ ಅನ್ನುತ್ತಾನೆ. ಇನ್ನೊಬ್ಬರ ದುಡ್ಡು ತೆಗೆದುಕೊಂಡು ಅದಕ್ಕೆ ಹೊಣೆ ಹೊರದೆ ಇರುವುದೇ ದೊಡ್ಡ ಅಪಾಯ ಅಂತ ಬಿಡಿಸಿ ಹೇಳುತ್ತಾನೆ. 1987ರಲ್ಲಿ ದುರಾಸೆಯನ್ನು ಹೊಗಳಿದ ಬಾಯಿ ಈಗ ರೋಗದ ಹೆಸರು ಹೇಳುತ್ತಿದೆ. ಹುಡುಗರು ಆಗಲೂ ಚಪ್ಪಾಳೆ ತಟ್ಟುತ್ತಾರೆ.

ಕೇಂದ್ರ ಬ್ಯಾಂಕಿನ ಕೋಣೆಯ ದೃಶ್ಯಗಳೂ ಹಾಗೇ. ಉದ್ದನೆಯ ಮೇಜು, ಸುತ್ತ ಸೂಟು ಹಾಕಿದವರು. ಒಂದು ಬ್ಯಾಂಕು ಬದುಕಬೇಕೋ ಸಾಯಬೇಕೋ ಅನ್ನುವುದು ಅಲ್ಲಿ ತೀರ್ಮಾನವಾಗುತ್ತದೆ. 2008ರ ಸೆಪ್ಟೆಂಬರ್‌ನ ಒಂದು ವಾರಾಂತ್ಯ ನ್ಯೂಯಾರ್ಕ್ ಫೆಡರಲ್ ರಿಸರ್ವ್ ಕಟ್ಟಡದಲ್ಲಿ ಆಗಿನ ಖಜಾನೆ ಕಾರ್ಯದರ್ಶಿ ಹೆನ್ರಿ ಪಾಲ್ಸನ್, ಆ ನ್ಯೂಯಾರ್ಕ್ ಫೆಡ್‌ನ ಅಧ್ಯಕ್ಷ ಟಿಮೊಥಿ ಗೈಟ್ನರ್ ಮತ್ತು ದೊಡ್ಡ ಬ್ಯಾಂಕುಗಳ ಮುಖ್ಯಸ್ಥರು ಹೀಗೆಯೇ ಕೂತಿದ್ದರು. ಸಿನಿಮಾದ ಮೇಜಿನ ಸುತ್ತ ಹಿರಿಯ ನಟ ಈಲೈ ವಾಲಕ್ ಕೂಡ ಇದ್ದಾರೆ, ತೊಂಬತ್ತು ದಾಟಿದ ವಯಸ್ಸಿನಲ್ಲಿ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಫ್ರಾಂಕ್ ಲ್ಯಾಂಜೆಲಾ ಮಾಡಿದ ಲೂಯಿಸ್ ಜ಼ೇಬಲ್. ಪಾರ್ಕಿನಲ್ಲಿ ಜೇಕ್ ಅವರನ್ನು ಕೇಳುತ್ತಾನೆ, ನಾವು ಮುಳುಗುತ್ತಿದ್ದೇವಾ ಅಂತ. ನೀನು ಕೇಳಬೇಕಾದ್ದು ಅದಲ್ಲ, ಮುಳುಗದೆ ಇರುವವರು ಯಾರು ಅಂತ ಕೇಳು ಅನ್ನುತ್ತಾರೆ ಅವರು. ಆ ಮುಖದಲ್ಲಿ ಕೋಪವಿಲ್ಲ, ಸುಸ್ತಿದೆ. ತಾನು ಕಟ್ಟಿದ ಸಂಸ್ಥೆಯ ಒಳಗೆ ಏನು ನಡೆಯುತ್ತಿದೆ ಅನ್ನುವುದು ತನಗೇ ಅರ್ಥವಾಗುತ್ತಿಲ್ಲ ಅನ್ನುವ ಸುಸ್ತು. 2008ರ ಬಗ್ಗೆ ಬಂದ ಯಾವ ಸಿನಿಮಾದಲ್ಲೂ ಆ ಸುಸ್ತನ್ನು ಇಷ್ಟು ಹತ್ತಿರದಿಂದ ನಾನು ಕಂಡಿಲ್ಲ.

ಹಾಗಾದರೆ ಜಾರಿದ್ದೆಲ್ಲಿ? ಮೂರು ಜಾಗ ತೋರಿಸುತ್ತೇನೆ.

ಮೊದಲನೆಯದು ಜೇಕ್‌ನ ಸೇಡು. ಬ್ರೆಟನ್‌ನ ಕಂಪನಿಗೆ ಪೆಟ್ಟು ಕೊಡಲು ಅವನು ಮಾಡುವುದೇನು? ಆಫ್ರಿಕಾದ ಒಂದು ದೇಶದಲ್ಲಿರುವ ತೈಲ ನಿಕ್ಷೇಪವನ್ನು ಅಲ್ಲಿನ ಸರ್ಕಾರ ವಶಕ್ಕೆ ತೆಗೆದುಕೊಳ್ಳಲಿದೆ ಅಂತ ವದಂತಿ ಹಬ್ಬಿಸುತ್ತಾನೆ. ಪೇಟೆ ಅಲುಗಾಡುತ್ತದೆ, ಬ್ರೆಟನ್ ಕೋಟಿಗಟ್ಟಲೆ ಕಳೆದುಕೊಳ್ಳುತ್ತಾನೆ. ಸುಳ್ಳು ಹಬ್ಬಿಸಿ ಷೇರು ಬೀಳಿಸುವುದು ಅಪರಾಧ. ಜೇಕ್‌ನ ಗುರು ಸತ್ತದ್ದೂ ಇಂಥ ವದಂತಿಯಿಂದಲೇ ಅಲ್ವಾ? 1987ರಲ್ಲಿ ಬಡ್ ಫಾಕ್ಸ್ ಇನ್‌ಸೈಡರ್ ಟ್ರೇಡಿಂಗ್‌ಗೆ ಕೈಕೋಳ ಹಾಕಿಸಿಕೊಂಡ, ಅಳುತ್ತಾ ಆಫೀಸಿನಿಂದ ಹೊರಗೆ ನಡೆದ. ಜೇಕ್‌ಗೆ ಸಿಗುವುದು ಬ್ರೆಟನ್‌ನಿಂದ ಕೆಲಸದ ಆಹ್ವಾನ. ಅವನು ಮಾಡಿದ ತಪ್ಪಿನ ಲೆಕ್ಕವನ್ನು ಸಿನಿಮಾ ಎಲ್ಲೂ ಕೇಳುವುದೇ ಇಲ್ಲ.

ಎರಡನೆಯದು ಬಡ್ ಫಾಕ್ಸ್ ಮತ್ತೆ ಬರುವ ಒಂದು ನಿಮಿಷ. ದೊಡ್ಡವರ ಪಾರ್ಟಿಯೊಂದರಲ್ಲಿ ಆ ಪಾತ್ರ ಮಾಡಿದ ಚಾರ್ಲಿ ಶೀನ್ ಎರಡೂ ಪಕ್ಕದಲ್ಲಿ ಹುಡುಗಿಯರ ಜೊತೆ ಬರುತ್ತಾನೆ. ಗೆಕ್ಕೊನನ್ನು ಕಂಡು ನಗುತ್ತಾನೆ. ಅಪ್ಪನ ವಿಮಾನ ಕಂಪನಿಯನ್ನು ಬೆಳೆಸಿ, ಮಾರಿ, ಸಿಕ್ಕ ದುಡ್ಡಿನಲ್ಲಿ ಆರಾಮಾಗಿದ್ದೇನೆ ಅನ್ನುತ್ತಾನೆ. ಥಿಯೇಟರ್‌ನಲ್ಲಿ ನೋಡಿದಾಗ ಸುತ್ತಲಿನವರು ಖುಷಿಯಿಂದ ಕೂಗಿದ್ದರು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಮೊದಲ ಸಿನಿಮಾದ ಜೀವವೇ ಆ ವಿಮಾನ ಕಂಪನಿ. ಗೆಕ್ಕೊ ಅದನ್ನು ಒಡೆದು ಮಾರಲು ಹೊರಟಾಗ ಬಡ್ ತಿರುಗಿಬಿದ್ದ. ಅಪ್ಪನ ಜೊತೆಗಾರರಾದ ಮೆಕ್ಯಾನಿಕ್‌ಗಳು, ಪೈಲಟ್‌ಗಳು, ಗಗನಸಖಿಯರಿಗಾಗಿ ಎಲ್ಲವನ್ನೂ ಪಣಕ್ಕಿಟ್ಟ. ಕೊನೆಗೆ ಅವನೇ ಅದನ್ನು ಮಾರಿದ ಅಂದರೆ ಆ ಕೋರ್ಟಿನ ಮೆಟ್ಟಿಲು ಹತ್ತಿದ್ದು ಯಾತಕ್ಕೆ? ಕಾರ್ಲ್ ಫಾಕ್ಸ್ ಏನಾದ, ಆ ನೌಕರರೆಲ್ಲ ಏನಾದರು? ಒಂದು ಮಾತೂ ಇಲ್ಲ. ಹಳೆಯ ಸಿನಿಮಾವನ್ನು ಎದೆಗೆ ಹಚ್ಚಿಕೊಂಡವರಿಗೆ ಕೊನೆಯ ದೃಶ್ಯಕ್ಕಿಂತ ಇದೇ ಹೆಚ್ಚು ನೋಯಿಸುತ್ತದೆ.

ಮೂರನೆಯದು ಕೊನೆ. ಲಂಡನ್ನಿನಲ್ಲಿ ಜೇಕ್ ಗೆಕ್ಕೊನನ್ನು ಹುಡುಕಿ ಹೋಗುತ್ತಾನೆ. ಹೊಸ ಸೂಟು, ಹೊಸ ಆಫೀಸು, ಮುಖದಲ್ಲಿ ಹಳೆಯ ಬಣ್ಣ. ವಿನ್ನಿಯ ಹೊಟ್ಟೆಯಲ್ಲಿರುವ ಮಗುವಿನ ಸ್ಕ್ಯಾನ್ ತೋರಿಸಿ, ದುಡ್ಡು ವಾಪಸ್ ಕೊಟ್ಟರೆ ಮೊಮ್ಮಗನ ಜೊತೆ ಬದುಕಬಹುದು ಅನ್ನುತ್ತಾನೆ. ಗೆಕ್ಕೊ ಆ ಚಿತ್ರ ನೋಡುತ್ತಾನೆ. ಕಣ್ಣು ತೇವವಾಗುತ್ತದೆ. ಆದರೂ ಒಪ್ಪುವುದಿಲ್ಲ. ಡಗ್ಲಸ್ ಅವರ ಮುಖ ಅಲ್ಲಿ ಎರಡು ಪಾಲಾಗುವುದು ಕಾಣುತ್ತದೆ. ಅದೊಂದು ದೊಡ್ಡ ನಟನ ಕೆಲಸ. ಗೆಕ್ಕೊ ಅನ್ನುವವನು ಇವನೇ, ಬದಲಾಗುವ ಜಾತಿಯಲ್ಲ ಅಂತ ನಮಗೆ ಖಾತ್ರಿಯಾಗುತ್ತದೆ. ಸ್ವಲ್ಪ ಹೊತ್ತಿಗೆ ಅದೇ ಮನುಷ್ಯ ನ್ಯೂಯಾರ್ಕಿನ ಬೀದಿಯಲ್ಲಿ ಬಂದು ನಿಂತು ದುಡ್ಡು ಕೊಟ್ಟುಬಿಟ್ಟೆ ಅನ್ನುತ್ತಾನೆ. 100 ಕೋಟಿಗೂ ಮೇಲೆ ಇಟ್ಟುಕೊಂಡವನು ಮಗಳದ್ದೇ 10 ಕೋಟಿಯನ್ನು ಮಗಳಿಗೆ ಕೊಟ್ಟ. ಅದಕ್ಕೆ ಅಪ್ಪುಗೆ, ಹುಟ್ಟುಹಬ್ಬ, ಹಾಡು.

ಅಪ್ಪ ಮಗಳು ಒಂದಾಗುವುದು ತಪ್ಪಲ್ಲ. ಅಣ್ಣನ ಸಾವಿನ ಬಗ್ಗೆ ಇಬ್ಬರೂ ಮಾತಾಡುವ ದೃಶ್ಯದಲ್ಲಿ ನನ್ನ ಕಣ್ಣೂ ತುಂಬಿತ್ತು. ತೊಂದರೆ ಇರುವುದು ಬೇರೆ ಕಡೆ. ಊರಿನ ಸಾಲವನ್ನು ಮನೆಯೊಳಗಿನ ಕ್ಷಮೆಯಿಂದ ತೀರಿಸಲು ಸಿನಿಮಾ ಹೊರಟಿದೆ. ಮಗಳು ಕ್ಷಮಿಸಬಹುದು, ಅದು ಅವಳ ಹಕ್ಕು. ಆದರೆ ಅವಳು ಎಲ್ಲರ ಪರವಾಗಿ ಕ್ಷಮಿಸಲು ಬರುತ್ತದಾ? ಮನೆ ಕಳೆದುಕೊಂಡವರು, ಕೆಲಸ ಕಳೆದುಕೊಂಡವರು, ಹತ್ತು ತಿಂಗಳು ಅಪ್ಪನ ಕಣ್ಣು ತಪ್ಪಿಸಿ ಓಡಾಡಿದ ನನ್ನ ಗೆಳೆಯ, ಇವರನ್ನು ಯಾರು ಕೇಳಿದರು?

2010ರಲ್ಲಿ ಇದು ಇನ್ನೂ ಹಸಿ ಗಾಯ. ಸೆಪ್ಟೆಂಬರ್ 24ರಂದು ಅಮೆರಿಕದಲ್ಲಿ ಸಿನಿಮಾ ತೆರೆಗೆ ಬಂದಾಗ ಲೀಮನ್ ಬಿದ್ದು ಎರಡು ವರ್ಷ ಒಂಬತ್ತು ದಿನ ಆಗಿತ್ತು. ತಪ್ಪಿತಸ್ಥರನ್ನು ಹಿಡಿಯುತ್ತಾರೆ ಅಂತ ಜನ ಕಾಯುತ್ತಿದ್ದರು. ಆ ಬಿಕ್ಕಟ್ಟಿಗೆ ಸಂಬಂಧಿಸಿ ಅಮೆರಿಕದಲ್ಲಿ ಜೈಲಿಗೆ ಹೋದ ವಾಲ್ ಸ್ಟ್ರೀಟಿನ ಹಿರಿಯ ಹುದ್ದೆಯವರು ಅಂದರೆ ಎದ್ದು ಕಾಣುವ ಹೆಸರು ಒಂದೇ: ಕ್ರೆಡಿಟ್ ಸ್ವಿಸ್ ಬ್ಯಾಂಕಿನ ಕರೀಮ್ ಸೆರಗೆಲ್ಡಿನ್. ಮನೆ ಸಾಲಪತ್ರಗಳ ಬೆಲೆ ಬಿದ್ದದ್ದನ್ನು ಮುಚ್ಚಿಟ್ಟದ್ದಕ್ಕೆ 2013ರಲ್ಲಿ 30 ತಿಂಗಳ ಶಿಕ್ಷೆಯಾಯಿತು. ಸಣ್ಣ ದೇಶ ಐಸ್‌ಲ್ಯಾಂಡ್ ತನ್ನ ದೊಡ್ಡ ಬ್ಯಾಂಕುಗಳ ಮುಖ್ಯಸ್ಥರನ್ನು ಜೈಲಿಗೆ ಕಳಿಸಿತು. ಅಮೆರಿಕದಲ್ಲಿ ದೊಡ್ಡ ಬ್ಯಾಂಕುಗಳು ದಂಡ ಕಟ್ಟಿದವು. ಆ ದಂಡ ಹೋದದ್ದು ಷೇರುದಾರರ ದುಡ್ಡಿನಿಂದ. ಹೀಗೆ ಹೊರಗೆ ಸಿಗದ ನ್ಯಾಯವನ್ನು ಕತ್ತಲೆಯ ಥಿಯೇಟರ್‌ನಲ್ಲಾದರೂ ಒಮ್ಮೆ ನೋಡಬೇಕು ಅಂತ ಬಂದವರು ಕಂಡದ್ದು ಹುಟ್ಟುಹಬ್ಬದ ಪಾರ್ಟಿ.

ವಸೂಲಿಯ ಲೆಕ್ಕದಲ್ಲಿ ಸಿನಿಮಾ ಸೋಲಲಿಲ್ಲ. ಪ್ರಪಂಚದಾದ್ಯಂತ ಸುಮಾರು 13.5 ಕೋಟಿ ಡಾಲರ್ ಗಳಿಸಿತು. ಮೊದಲನೆಯದು ಅಮೆರಿಕದಲ್ಲಿ ಗಳಿಸಿದ್ದು ಸುಮಾರು 4.4 ಕೋಟಿ. ಆದರೆ ಇವತ್ತು ಮಾತಿನಲ್ಲಿ ಬರುವುದು ಮೊದಲನೆಯದೇ.

ತಡವಾಗಿ ಬಂತು ಅನ್ನುವುದೇ ತಪ್ಪು ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಗೆಕ್ಕೊನ ಲೆಕ್ಕದಲ್ಲಿ ತಡವಾಗಿರಬಹುದು, 2008ರ ಲೆಕ್ಕದಲ್ಲಿ ಬೇಗ ಬಂತು. ಏನಾಯಿತು ಅನ್ನುವುದು ಇನ್ನೂ ಯಾರಿಗೂ ಪೂರ್ತಿ ತಿಳಿದಿರಲಿಲ್ಲ. ಅದೇ ಬಿಕ್ಕಟ್ಟಿನ ಮೇಲೆ ಬಂದ 2011ರ ಸಿನಿಮಾ 'ಮಾರ್ಜಿನ್ ಕಾಲ್' ಒಂದೇ ಆಫೀಸಿನ ಒಂದೇ ರಾತ್ರಿಯನ್ನು ಹಿಡಿಯಿತು. ಅದರಲ್ಲಿ ಒಬ್ಬರೂ ಒಳ್ಳೆಯವರಾಗುವುದಿಲ್ಲ. 2015ರ 'ದಿ ಬಿಗ್ ಶಾರ್ಟ್' ಬರುವ ಹೊತ್ತಿಗೆ ಪುಸ್ತಕಗಳು, ತನಿಖಾ ವರದಿಗಳು ಎಲ್ಲ ಬಂದಿದ್ದವು. ಗೆದ್ದವರ ಮುಖದಲ್ಲೂ ಅಲ್ಲಿ ನಾಚಿಕೆ ಇದೆ. ಇವೆರಡೂ ನೋಡುಗರಿಗೆ ಸಮಾಧಾನ ಕೊಡಲಿಲ್ಲ. ಹಾಗಾಗಿಯೇ ಜನ ಅವನ್ನು ನಂಬಿದರು.

ನಮ್ಮಲ್ಲೂ ಇಂಥದ್ದೊಂದು ನಡೆದಿದೆ. 2020ರಲ್ಲಿ ಹರ್ಷದ್ ಮೆಹ್ತಾ ಹಗರಣದ ಮೇಲೆ 'ಸ್ಕ್ಯಾಮ್ 1992' ಸರಣಿ ಬಂತು. ಅದರ ಡೈಲಾಗು, ಸಂಗೀತ ಎಲ್ಲರ ಫೋನಿಗೆ ಬಂದು ಕೂತವು. ಬ್ಯಾಂಕಿನ ದುಡ್ಡಿನಲ್ಲಿ ಷೇರು ಏರಿಸಿದ ಮನುಷ್ಯ ಎಷ್ಟೋ ಹುಡುಗರಿಗೆ ಹೀರೋ ಆದ. ಸರಣಿಯಿಂದಲೇ ಆಯಿತು ಅಂತ ನಾನು ಹೇಳುತ್ತಿಲ್ಲ, ಕೊರೊನಾ, ಕಡಿಮೆ ಬಡ್ಡಿ, ಮೊಬೈಲ್ ಆ್ಯಪ್ ಎಲ್ಲ ಸೇರಿದ್ದವು. ಆದರೂ ಷೇರು ಇಟ್ಟುಕೊಳ್ಳಲು ಬೇಕಾದ ಡಿಮ್ಯಾಟ್ ಖಾತೆಗಳು ದೇಶದಲ್ಲಿ 2020ರ ಮಾರ್ಚ್‌ನಲ್ಲಿ ಸುಮಾರು 4 ಕೋಟಿ ಇದ್ದದ್ದು 2024ರ ಮಾರ್ಚ್‌ಗೆ 15 ಕೋಟಿ ದಾಟಿದವು. ಷೇರುಗಳ ಮುಂದಿನ ಬೆಲೆಯ ಮೇಲೆ ಪಣ ಕಟ್ಟುವ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಮೂರು ವರ್ಷಗಳಲ್ಲಿ ಕಳೆದುಕೊಂಡಿದ್ದಾರೆ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ ಅಂತ ಷೇರುಪೇಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೇಳಿತು. ನನ್ನ ಆ ಗೆಳೆಯನ ತಮ್ಮನೂ ಇದರಲ್ಲಿ ಒಬ್ಬ. ಅವನ ಫೋನಿನ ವಾಲ್‌ಪೇಪರ್‌ನಲ್ಲಿ ಬಹಳ ದಿನ ಗೆಕ್ಕೊ ಇದ್ದ, ಅದೇ ಸಸ್ಪೆಂಡರ್ಸ್, ಕೈಯಲ್ಲಿ ಸಿಗಾರ್. ಸಿನಿಮಾ ಪೂರ್ತಿ ನೋಡಿದ್ದೀಯಾ ಅಂತ ಕೇಳಿದೆ. "ಇಲ್ಲ ಅಣ್ಣ, ಆ ಸ್ಪೀಚ್ ಮಾತ್ರ" ಅಂದ.

ಹೋದ ತಿಂಗಳು ಅವನನ್ನು ಕೂರಿಸಿ ಎರಡೂ ಸಿನಿಮಾ ತೋರಿಸಿದೆ. ಮೊದಲನೆಯದನ್ನು ಕೋರ್ಟಿನ ಮೆಟ್ಟಿಲವರೆಗೂ ನೋಡಿದೆವು. ಎರಡನೆಯದು ಲಂಡನ್ನಿಗೆ ಬಂದಾಗ, ಗೆಕ್ಕೊ ಸ್ಕ್ಯಾನ್ ನೋಡಿ ಆಗಲ್ಲ ಅಂದ ಮೇಲೆ, ನಾನು ರಿಮೋಟ್ ತೆಗೆದುಕೊಂಡು ನಿಲ್ಲಿಸಿದೆ. ಮುಂದೆ ಇನ್ನೂ ಇದೆ ಅಲ್ವಾ ಅಂತ ಕೇಳಿದ. ಇದೆ, ನೀನೇ ಆಮೇಲೆ ನೋಡ್ಕೋ ಅಂದೆ. ಅವನು ಸ್ವಲ್ಪ ಹೊತ್ತು ನಿಂತುಹೋದ ಪರದೆಯನ್ನೇ ನೋಡುತ್ತಾ ಕೂತಿದ್ದ. ಆಮೇಲೆ, ಆ ಹುಡುಗಿಗೆ ದುಡ್ಡು ಸಿಗುತ್ತಾ ಅಂತ ಕೇಳಿದ.